ದ್ವಿತೀಯ ಪಿಯುಸಿ ಜೀವಶಾಸ್ತ್ರ: ಏನು ಓದಬೇಕು, ಅಂಕ ಹೇಗೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಜಾಸ್ತಿ. ಜೂನ್ ಬಂತೆಂದರೆ ಮಕ್ಕಳೂ ಅವರ ಅಪ್ಪ-ಅಮ್ಮಂದಿರೂ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಪೂರ್ತಿ ಹೇಳಲು ಸಮಯ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಿಧಾನವಾಗಿ ಓದಿ.

ನೂರು ಅಂಕ ಹೇಗೆ ಹಂಚಿಕೆಯಾಗಿದೆ?

ಬರವಣಿಗೆಯ ಪರೀಕ್ಷೆಗೆ 70, ಪ್ರಾಕ್ಟಿಕಲ್‌ಗೆ 30. ಬರವಣಿಗೆಯಲ್ಲಿ ಒಂದು ಅಂಕದ ಆಯ್ಕೆ ಪ್ರಶ್ನೆಗಳು, ಬಿಟ್ಟ ಸ್ಥಳ ತುಂಬುವುದು, ಆಮೇಲೆ ಎರಡು, ಮೂರು, ಐದು ಅಂಕದ ಪ್ರಶ್ನೆಗಳು ಇರುತ್ತವೆ. ಪುಸ್ತಕ ಎನ್‌ಸಿಇಆರ್‌ಟಿಯದು, ಒಟ್ಟು 13 ಪಾಠ. ಹೂ ಬಿಡುವ ಗಿಡಗಳ ಸಂತಾನೋತ್ಪತ್ತಿಯಿಂದ ಶುರುವಾಗಿ ಜೀವವೈವಿಧ್ಯದ ಸಂರಕ್ಷಣೆಯಲ್ಲಿ ಮುಗಿಯುತ್ತದೆ. ನಡುವೆ ಬರುವ ಅನುವಂಶೀಯತೆಯ ಎರಡು ಪಾಠಗಳು ಎಲ್ಲಕ್ಕಿಂತ ಜಾಸ್ತಿ ಸಮಯ ಕೇಳುತ್ತವೆ. ಅವನ್ನು ದಸರಾ ರಜೆಯ ಒಳಗೆ ಒಮ್ಮೆ ಮುಗಿಸಿಕೊಂಡವರಿಗೆ ಮುಂದೆ ಉಸಿರಾಡಲು ಜಾಗ ಸಿಗುತ್ತದೆ.

ಬಯಾಲಜಿ ಅಂದ್ರೆ ಬರೀ ಬಾಯಿಪಾಠ ಅಲ್ವಾ?

ಅಲ್ಲ. ಈ ಮಾತು ನಂಬಿಕೊಂಡು ಬಂದ ಮಕ್ಕಳೇ ಮೊದಲ ಟೆಸ್ಟಿನಲ್ಲಿ ಜಾಸ್ತಿ ಕಷ್ಟಪಡುತ್ತಾರೆ. ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು, ನಿಜ. ಆದರೆ ಹೆಸರು ಯಾವುದಕ್ಕೆ ಅಂತ ಕಣ್ಣಿಗೆ ಕಾಣದೇ ಇದ್ದರೆ ಅದು ಎರಡು ವಾರಕ್ಕಿಂತ ಜಾಸ್ತಿ ಉಳಿಯುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಮೊದಲ ಪಾಠದಲ್ಲಿ ಪರಾಗಸ್ಪರ್ಶ ಬರುತ್ತದೆ. ಒಂದೇ ಗಿಡದ ಪರಾಗ ಅದೇ ಗಿಡಕ್ಕೆ ಬೀಳದಂತೆ ಗಿಡಗಳು ಏನೇನು ಉಪಾಯ ಮಾಡಿಕೊಂಡಿವೆ ಅಂತ ಪುಸ್ತಕದಲ್ಲಿ ಪಟ್ಟಿ ಇದೆ. ಮಕ್ಕಳು ಆ ಪಟ್ಟಿಯನ್ನು ಮಂತ್ರದ ಹಾಗೆ ಹೇಳುತ್ತಾರೆ. ಆ ಪಾಠ ನಡೆಯುವ ಹೊತ್ತಿಗೇ ನಾಗರಪಂಚಮಿ ಬರುತ್ತದೆ. ಮನೆಗೆ ಹಿಂಗಾರ, ಅಂದರೆ ಅಡಿಕೆಯ ಹೂಗೊನೆ ತರುತ್ತೀರಿ. ಪೂಜೆಗೆ ಇಡುವ ಮೊದಲು ಒಂದು ಎಳೆ ಬಿಡಿಸಿ ಕೈಯಲ್ಲಿ ಹಿಡಿಯಿರಿ. ತುದಿಯವರೆಗೂ ಅಕ್ಕಿಕಾಳಿನ ಹಾಗೆ ಸಣ್ಣ ಸಣ್ಣ ಹೂಗಳು ಅಂಟಿಕೊಂಡಿವೆ ಅಲ್ವಾ? ಅವು ಗಂಡು ಹೂಗಳು. ಎಳೆಯ ಬುಡದಲ್ಲಿ ಸ್ವಲ್ಪ ದಪ್ಪಗೆ, ಗುಂಡಗೆ ಒಂದೆರಡು ಮೊಗ್ಗು ಇವೆ. ಅವು ಹೆಣ್ಣು ಹೂಗಳು. ಮುಂದೆ ಅಡಿಕೆ ಕಾಯಿ ಆಗುವುದು ಅವೇ. ಮರದ ಮೇಲೆ ಬಿಟ್ಟರೆ ಗಂಡು ಹೂಗಳು ಮೊದಲು ಅರಳಿ ಉದುರಿ ಹೋಗುತ್ತವೆ. ಹೆಣ್ಣು ಹೂಗಳು ಆಮೇಲೆ ಅರಳುತ್ತವೆ. ಅಂದರೆ ಆ ಗೊನೆಯ ಹೆಣ್ಣು ಹೂವಿಗೆ ಪರಾಗ ಬೇರೆ ಕಡೆಯಿಂದಲೇ ಬರಬೇಕು, ಗಾಳಿಯ ಮೇಲೆ.

ಇಷ್ಟು ನೋಡಿದ ಮೇಲೆ 'ಪರಾಗ ಬಿಡುಗಡೆ ಮತ್ತು ಶಲಾಕಾಗ್ರದ (ಹೆಣ್ಣು ಭಾಗದಲ್ಲಿ ಪರಾಗ ಬಂದು ಕೂರುವ ತುದಿ) ಸಿದ್ಧತೆ ಒಂದೇ ಸಮಯಕ್ಕೆ ಆಗುವುದಿಲ್ಲ' ಎಂಬ ಸಾಲು ಬಾಯಿಪಾಠ ಮಾಡಬೇಕಾ? ಅದು ನಿಮ್ಮ ತೋಟದ ವಿಷಯ. ಪುಸ್ತಕದಲ್ಲಿ ಮೆಕ್ಕೆಜೋಳದ, ಹರಳಿನ ಉದಾಹರಣೆ ಇದೆ. ಗಂಡು ಹೂ, ಹೆಣ್ಣು ಹೂ ಒಂದೇ ಗಿಡದಲ್ಲಿ ಬೇರೆ ಬೇರೆಯಾಗಿರುವುದಕ್ಕೆ ನೀವು ಅಡಿಕೆಯನ್ನೂ ಸೇರಿಸಿ ಬರೆಯಬಹುದು. ನಾನು ಈ ವರ್ಷವಿಡೀ ನಿಮ್ಮಿಂದ ಕೇಳುವುದು ಇದನ್ನೇ: ಮೊದಲು ನೋಡಿ, ಆಮೇಲೆ ಸರಿಯಾದ ಪದದಲ್ಲಿ ಬರೆಯಿರಿ.

ಎರಡು ಪುಟ ಬರೆದಿದ್ದೆ ಮೇಡಂ, ಆದರೂ ಅಂಕ ಕಡಿಮೆ. ಯಾಕೆ?

ಪುಟ ಎಣಿಸಿ ಯಾರೂ ಅಂಕ ಕೊಡುವುದಿಲ್ಲ. ಮೌಲ್ಯಮಾಪಕರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ. ಮೂರು ಅಂಕದ ಪ್ರಶ್ನೆಗೆ ಯಾವ ಯಾವ ಅಂಶ ಬೇಕು ಅಂತ ಅದರಲ್ಲಿ ಇರುತ್ತದೆ. ಆ ಅಂಶ ನಿಮ್ಮ ಉತ್ತರದಲ್ಲಿ ಇದೆಯಾ ಅಂತ ಅವರು ಹುಡುಕುತ್ತಾರೆ. ಇದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ನಾನು ಟೆಸ್ಟ್ ಪೇಪರ್ ತಿದ್ದುವುದೂ ಹೀಗೆಯೇ.

'ದ್ವಿನಿಷೇಚನ ಎಂದರೇನು, ವಿವರಿಸಿ' ಅಂತ ಮೂರು ಅಂಕಕ್ಕೆ ಕೇಳಿದೆ ಅಂತಿಟ್ಟುಕೊಳ್ಳಿ. ಸಾಮಾನ್ಯವಾಗಿ ನನಗೆ ಸಿಗುವ ಉತ್ತರ ಹೀಗಿರುತ್ತದೆ: 'ಹೂ ಬಿಡುವ ಗಿಡಗಳಲ್ಲಿ ಎರಡು ಸಲ ನಿಷೇಚನ ನಡೆಯುತ್ತದೆ. ಇದು ಬಹಳ ಮುಖ್ಯವಾದ ಕ್ರಿಯೆ. ಇದರಿಂದ ಬೀಜ ಉಂಟಾಗುತ್ತದೆ. ಬೀಜದಿಂದ ಹೊಸ ಗಿಡ ಬೆಳೆಯುತ್ತದೆ.' ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಏನು ಯಾವುದರ ಜೊತೆ ಸೇರಿತು ಅಂತ ಎಲ್ಲೂ ಇಲ್ಲ. ಇದಕ್ಕೆ ನಾನು ಕೊಡುವುದು ಒಂದು ಅಂಕ.

ಇನ್ನೊಂದು ಉತ್ತರ ನೋಡಿ: 'ಪರಾಗನಾಳ ಎರಡು ಗಂಡು ಗ್ಯಾಮೀಟ್‌ಗಳನ್ನು ಭ್ರೂಣಚೀಲದೊಳಗೆ ಬಿಡುತ್ತದೆ. ಒಂದು ಅಂಡಕೋಶದ ಜೊತೆ ಸೇರಿ ಜೈಗೋಟ್ ಆಗುತ್ತದೆ. ಇನ್ನೊಂದು ಎರಡು ಪೋಲಾರ್ ನ್ಯೂಕ್ಲಿಯಸ್‌ಗಳ ಜೊತೆ ಸೇರಿ ಟ್ರಿಪ್ಲಾಯ್ಡ್ ಆದ ಪ್ರಾಥಮಿಕ ಎಂಡೋಸ್ಪರ್ಮ್ ನ್ಯೂಕ್ಲಿಯಸ್ ಆಗುತ್ತದೆ. ಒಂದೇ ಭ್ರೂಣಚೀಲದಲ್ಲಿ ಈ ಎರಡೂ ಸೇರುವಿಕೆ ನಡೆಯುವುದರಿಂದ ಇದು ದ್ವಿನಿಷೇಚನ.' ಇದು ಉದ್ದದಲ್ಲಿ ಜಾಸ್ತಿ ಏನಲ್ಲ. ಆದರೆ ಪ್ರತಿ ವಾಕ್ಯದಲ್ಲೂ ಒಂದೊಂದು ಅಂಶ ಇದೆ. ಮೂರಕ್ಕೆ ಮೂರು.

ಎಂಡೋಸ್ಪರ್ಮ್ (ಬೀಜದೊಳಗೆ ಭ್ರೂಣಕ್ಕೆ ಆಹಾರವಾಗುವ ಭಾಗ) ಅಂದರೆ ಏನು ಅಂತ ಮತ್ತೆ ಮತ್ತೆ ಮರೆತುಹೋಗುತ್ತದೆ ಎನ್ನುವವರು ಮನೆಯಲ್ಲಿ ಒಂದು ತೆಂಗಿನಕಾಯಿ ಒಡೆಯುವಾಗ ನೋಡಿ. ಎಳನೀರು ಗೋಡೆಯಿಲ್ಲದೆ ನ್ಯೂಕ್ಲಿಯಸ್‌ಗಳು ತೇಲುವ ಎಂಡೋಸ್ಪರ್ಮ್. ಬಿಳಿ ಕಾಯಿ ಕೋಶಗಳಾದ ಎಂಡೋಸ್ಪರ್ಮ್. ಇನ್ನು ಅಡಿಕೆ ಹೋಳು ಮಾಡಿದಾಗ ಬಿಳಿಯ ನಡುವೆ ಕಂದು ಗೆರೆಗಳು ಒಳಗೆ ಹೊಕ್ಕಿರುತ್ತವಲ್ಲ, ಆ ಬಿಳಿ ಭಾಗವೂ ಎಂಡೋಸ್ಪರ್ಮ್. ಕಂದು ಗೆರೆ ಬೀಜದ ಸಿಪ್ಪೆ ಒಳಗೆ ಮಡಿಚಿಕೊಂಡದ್ದು. ನಿಮ್ಮಜ್ಜ ದಿನಾ ಕವಳ ಹಾಕುವಾಗ ಅಗಿಯುವುದು ಇದನ್ನೇ.

ಚಿತ್ರ ಚೆನ್ನಾಗಿ ಬರೆಯಲು ಬರುವುದಿಲ್ಲ. ಅಂಕ ಹೋಗುತ್ತಾ?

ಕಲಾವಿದರಾಗಬೇಕಿಲ್ಲ. ಗೆರೆ ಒಂದೇ ಆಗಿರಬೇಕು, ಕೂದಲೆಳೆಯ ಹಾಗೆ ಹತ್ತು ಸಲ ತೀಡಬಾರದು. ಭಾಗದ ಹೆಸರಿನ ಗೆರೆ ಆ ಭಾಗವನ್ನು ಮುಟ್ಟಬೇಕು. ಹೆಸರುಗಳು ಒಂದೇ ಬದಿಯಲ್ಲಿ ಸಾಲಾಗಿದ್ದರೆ ತಿದ್ದುವವರಿಗೂ ಸುಲಭ. ಪೆನ್ಸಿಲ್ ಮಾತ್ರ. ನೆರಳು ಹಾಕುವುದು ಬೇಡ.

ಜಾಸ್ತಿ ಅಂಕ ಹೋಗುವುದು ಅಂದ ಇಲ್ಲದ್ದಕ್ಕಲ್ಲ, ಎಣಿಕೆ ತಪ್ಪಿದ್ದಕ್ಕೆ. ಭ್ರೂಣಚೀಲದಲ್ಲಿ ಏಳು ಕೋಶ, ಎಂಟು ನ್ಯೂಕ್ಲಿಯಸ್. ಮೇಲೆ ಮೂರು, ಕೆಳಗೆ ಮೂರು, ನಡುವಿನ ದೊಡ್ಡ ಕೋಶದಲ್ಲಿ ಎರಡು ನ್ಯೂಕ್ಲಿಯಸ್. ಅಂಡಕೋಶ ಮತ್ತು ಅದರ ಪಕ್ಕದ ಎರಡು ಸಿನರ್ಜಿಡ್ ಕೋಶಗಳು ಮೈಕ್ರೊಪೈಲ್ (ಸಣ್ಣ ರಂಧ್ರ) ಇರುವ ಕಡೆ. ತಲೆಕೆಳಗು ಮಾಡಿ ಹೆಸರು ಬರೆದರೆ ಚಿತ್ರ ಎಷ್ಟು ಚಂದ ಇದ್ದರೂ ಉಪಯೋಗವಿಲ್ಲ. ದಿನಕ್ಕೊಂದು ಚಿತ್ರ, ಹತ್ತು ನಿಮಿಷ, ಪುಸ್ತಕ ಮುಚ್ಚಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ನೀವೇ ತಿದ್ದಿಕೊಳ್ಳಿ. ಡಿಸೆಂಬರ್ ಹೊತ್ತಿಗೆ ಕೈ ತಾನಾಗಿಯೇ ಓಡುತ್ತದೆ.

ಅನುವಂಶೀಯತೆಯ ಲೆಕ್ಕಕ್ಕೂ ಇದೇ ಮಾತು. ಗ್ಯಾಮೀಟ್‌ಗಳನ್ನು (ಲಿಂಗಕೋಶ) ಬರೆಯದೇ ನೇರವಾಗಿ ಪನೆಟ್ ಚೌಕ ಹಾಕಬೇಡಿ. ಕೊನೆಯಲ್ಲಿ, ಮೆಂಡಲ್‌ನ ಒಂದೇ ಗುಣದ ಸಂಕರಣದ ಎರಡನೇ ಪೀಳಿಗೆಯಾದರೆ, ಫೀನೋಟೈಪ್ (ಹೊರಗೆ ಕಾಣುವ ಗುಣ) ಅನುಪಾತ 3:1, ಜೀನೋಟೈಪ್ (ಒಳಗಿನ ಜೀನ್ ರಚನೆ) ಅನುಪಾತ 1:2:1 ಅಂತ ಎರಡನ್ನೂ ಬೇರೆ ಬೇರೆ ಬರೆಯಿರಿ.

ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್ ಪಾಠ ತಲೆಗೆ ಹೋಗುತ್ತಿಲ್ಲ. ಏನು ಮಾಡಲಿ?

ಈ ಪ್ರಶ್ನೆಯನ್ನು ಎಷ್ಟೋ ಮಕ್ಕಳು ಬಾಯಿಬಿಟ್ಟು ಕೇಳುವುದೇ ಇಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾರೆ. ದಯವಿಟ್ಟು ಕೇಳಿ. ಕೇಳಿದರೆ ನನಗೆ ಖುಷಿ.

ಪಬ್ಲಿಕ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಕೂಡ ಕನ್ನಡದಲ್ಲಿ ಬರೆಯಬಹುದು. ಆದರೆ ಮುಂದಿನ ಕೋರ್ಸುಗಳ ಪುಸ್ತಕಗಳು ಬಹುತೇಕ ಇಂಗ್ಲಿಷಿನಲ್ಲಿರುತ್ತವೆ. ಅದಕ್ಕೆ ನನ್ನ ಸಲಹೆ: ವಿಷಯವನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ತಾಂತ್ರಿಕ ಪದಗಳನ್ನು ಮಾತ್ರ ಇಂಗ್ಲಿಷ್ ಸ್ಪೆಲಿಂಗ್ ಸಮೇತ ಕಲಿಯಿರಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೆ ಐದು ಪದ ಬರೆಯಿರಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದಲ್ಲಿ ಅದರ ಅರ್ಥ, ಸಾಧ್ಯವಾದರೆ ಊರಿನ ಒಂದು ಉದಾಹರಣೆ. ಆ ಪುಸ್ತಕವನ್ನು ನನಗೆ ತೋರಿಸಿ, ನಾನು ತಿದ್ದಿ ಕೊಡುತ್ತೇನೆ.

ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಅನುಕೂಲವೂ ಇದೆ. ಮೊಸರು ಹೆಪ್ಪು, ದೋಸೆ ಹಿಟ್ಟಿನ ಹುಳಿ, ಕಸಿ ಕಟ್ಟುವುದು ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ಅವಕ್ಕೆ ಹೊಸ ಹೆಸರು ಕಲಿಯುತ್ತಿದ್ದೀರಿ, ಅಷ್ಟೇ.

ನಮ್ಮೂರಿನ ಉದಾಹರಣೆ ಬರೆದರೆ ಅಂಕ ಸಿಗುತ್ತಾ?

ಪ್ರಶ್ನೆ ಕೇಳಿದ್ದಕ್ಕೆ ಸರಿಯಾಗಿ ಹೊಂದಿದರೆ ಖಂಡಿತ ಬರೆಯಿರಿ. ಪುಸ್ತಕದಲ್ಲಿರುವ ಉದಾಹರಣೆ ಮೊದಲು, ನಿಮ್ಮದು ಆಮೇಲೆ. ಹಾಗೆ ಮಾಡಿದರೆ ಅಪಾಯವಿಲ್ಲ.

ಜೀವವೈವಿಧ್ಯದ ಪಾಠವನ್ನೇ ತಗೊಳ್ಳಿ. ಅದು ನಮ್ಮ ಸುತ್ತಲಿನದೇ ಪಾಠ. ಒಂದೇ ಜಾತಿಯೊಳಗೆ ಎಷ್ಟು ವೈವಿಧ್ಯ ಇರುತ್ತದೆ ಎನ್ನಲು ಪುಸ್ತಕ ಭಾರತದ 1,000ಕ್ಕೂ ಹೆಚ್ಚು ಮಾವಿನ ತಳಿಗಳ ಲೆಕ್ಕ ಕೊಡುತ್ತದೆ. ನಮ್ಮಲ್ಲಿ ಹೊಳೆದಂಡೆಯ ಅಪ್ಪೆಮಿಡಿಗಳಿವೆ. ಒಂದೊಂದು ಮರದ ಮಿಡಿಗೂ ಬೇರೆ ಪರಿಮಳ, ಬೇರೆ ಸೊನೆ, ಉಪ್ಪಿನಲ್ಲಿ ಬಾಳಿಕೆಯೂ ಬೇರೆ. ದೇವರ ಕಾಡಿನ ಬಗ್ಗೆ ಬರೆಯುವಾಗ ಪುಸ್ತಕದಲ್ಲೇ ಕರ್ನಾಟಕದ ಪಶ್ಚಿಮ ಘಟ್ಟದ ಹೆಸರಿದೆ. ನಿಮ್ಮೂರ ಬನದಲ್ಲಿ ಯಾಕೆ ಕೊಡಲಿ ಹಾಕುವುದಿಲ್ಲ ಅಂತ ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

ಆದರೆ ಊರಿನ ಮಾತನ್ನು ಹಾಗೇ ಉತ್ತರದಲ್ಲಿ ಇಳಿಸಬಾರದು. ಮಂಗನ ಕಾಯಿಲೆ ಇದಕ್ಕೆ ಒಳ್ಳೆಯ ಪಾಠ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಕಾಯಿಲೆ ಇದು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕೆ ಆ ಕಾಡಿನದೇ ಹೆಸರು. ಊರಿನಲ್ಲಿ 'ಮಂಗನಿಂದ ಬರುತ್ತದೆ' ಅನ್ನುತ್ತಾರೆ. ವಿಜ್ಞಾನದ ಉತ್ತರದಲ್ಲಿ ಮೂರು ಸಂಗತಿ ಬೇರೆ ಬೇರೆ ಮಾಡಬೇಕು. ಕಾಯಿಲೆ ತರುವುದು ವೈರಸ್. ಅದನ್ನು ದಾಟಿಸುವುದು ಉಣುಗು. ಮಂಗ, ಮುಸಿಯಗಳು ನಮ್ಮ ಹಾಗೆಯೇ ಅದರಿಂದ ಸಾಯುವ ಪ್ರಾಣಿಗಳು. ಸತ್ತ ಮಂಗನ ಮೈಯಿಂದ ಉಣುಗು ಸುತ್ತಲೂ ಉದುರುವುದರಿಂದ ಆ ಜಾಗ ಅಪಾಯ. ಈ ಕಾಯಿಲೆ ನಿಮ್ಮ ಪಠ್ಯದಲ್ಲಿಲ್ಲ. ಆದರೆ ಇದನ್ನು ಹೀಗೆ ಬಿಡಿಸಿ ಅರ್ಥ ಮಾಡಿಕೊಂಡವರು ಮಲೇರಿಯಾ ಪ್ರಶ್ನೆಯಲ್ಲಿ 'ಸೊಳ್ಳೆಯಿಂದ ಬರುತ್ತದೆ' ಅಂತ ಬರೆದು ನಿಲ್ಲಿಸುವುದಿಲ್ಲ. ರೋಗಕಾರಕ ಪ್ಲಾಸ್ಮೋಡಿಯಂ, ವಾಹಕ ಹೆಣ್ಣು ಅನಾಫಿಲಿಸ್ ಸೊಳ್ಳೆ ಅಂತ ಎರಡನ್ನೂ ಬರೆಯುತ್ತಾರೆ. 'ಹೆಣ್ಣು' ಎಂಬ ಒಂದು ಪದಕ್ಕೂ ಬೆಲೆ ಇದೆ.

ಪ್ರಾಕ್ಟಿಕಲ್‌ನ 30 ಅಂಕ ಹೇಗೂ ಸಿಗುತ್ತೆ ಅಂತಾರಲ್ಲ?

ಹಾಗೆ ಅಂದುಕೊಂಡು ಲ್ಯಾಬಿಗೆ ಬರಬೇಡಿ. ಪ್ರಯೋಗ, ಮಾದರಿಗಳನ್ನು ಗುರುತಿಸುವುದು, ರೆಕಾರ್ಡ್, ವೈವಾ (ಬಾಯಿಮಾತಿನ ಪ್ರಶ್ನೆಗಳು) ಎಲ್ಲಕ್ಕೂ ಅಂಕ ಇದೆ. ರೆಕಾರ್ಡನ್ನು ಬೇರೆಯವರದು ನೋಡಿ ನಕಲು ಮಾಡಿದರೆ ನನಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ನಿಮ್ಮ ಸ್ಲೈಡಿನಲ್ಲಿ ಕಂಡದ್ದನ್ನೇ ಬರೆಯಿರಿ, ಅದು ಪುಸ್ತಕದ ಚಿತ್ರದಷ್ಟು ಸ್ಪಷ್ಟ ಇಲ್ಲದಿದ್ದರೂ ಪರವಾಗಿಲ್ಲ.

ಕೋಶ ವಿಭಜನೆ ನೋಡುವ ಈರುಳ್ಳಿ ಬೇರಿನ ತುದಿಯ ಪ್ರಯೋಗಕ್ಕೆ ಬೇರನ್ನು ಬೆಳಿಗ್ಗೆ ಕತ್ತರಿಸಿ. ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಬೇಕು. ಬಣ್ಣ ಹಾಕಿದ ಮೇಲೆ ಕವರ್‌ಸ್ಲಿಪ್ಪಿನ ಮೇಲೆ ಹೆಬ್ಬೆರಳಿನಿಂದ ಒತ್ತುವಾಗ ಅತ್ತಿತ್ತ ಜಾರಿಸಬೇಡಿ. ಪರಾಗ ಮೊಳೆಯುವ ಪ್ರಯೋಗಕ್ಕೆ ಮಳೆಗಾಲದ ಕರ್ಣಕುಂಡಲದ ಹೂ ಚೆನ್ನಾಗಿ ಆಗುತ್ತದೆ. ಅವತ್ತು ಅರಳಿದ ಹೂವೇ ಬೇಕು. ಸಕ್ಕರೆ ದ್ರಾವಣದ ಹನಿಯಲ್ಲಿ ಪರಾಗ ಉದುರಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ ದುಂಡಗಿನ ಕಾಳಿನಿಂದ ತೆಳ್ಳಗೆ ನಾಳ ಹೊರಟಿರುತ್ತದೆ. ಅದನ್ನು ಮೊದಲ ಸಲ ಕಂಡ ಮಕ್ಕಳು ಪಕ್ಕದವರನ್ನು ಎಳೆದುಕೊಂಡು ಬಂದು ತೋರಿಸುತ್ತಾರೆ. ಇಷ್ಟು ವರ್ಷವಾದರೂ ಆ ಗದ್ದಲ ನನಗೆ ಇಷ್ಟ.

ರೆಕಾರ್ಡ್ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ. ಒಬ್ಬ ಹುಡುಗಿಯ ರೆಕಾರ್ಡ್ ಬಸ್ಸಿಳಿದು ಮನೆಗೆ ನಡೆಯುವಾಗ ಪೂರ್ತಿ ನೆನೆದು, ಅವಳು ಹದಿನಾಲ್ಕು ಚಿತ್ರ ಮತ್ತೆ ಬರೆಯಬೇಕಾಯಿತು.

ಮಳೆಗೆ ಬಸ್ ಬರುವುದಿಲ್ಲ. ಹಾಜರಿ ಏನಾಗುತ್ತದೆ?

ಪರೀಕ್ಷೆಗೆ ಕೂರಲು 75 ಶೇಕಡಾ ಹಾಜರಿ ಬೇಕು. ರಜೆ ಘೋಷಣೆಯಾದ ದಿನ ತರಗತಿಯೇ ಇರುವುದಿಲ್ಲ, ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ರಜೆ ಇಲ್ಲದ ದಿನ ನಿಮ್ಮೂರಿನ ಹಳ್ಳ ತುಂಬಿದ್ದರೆ ಜೀವ ಪಣಕ್ಕಿಟ್ಟು ಬರಬೇಡಿ. ಮನೆಯಿಂದ ಒಂದು ಫೋನ್ ಮಾಡಿಸಿ, ಅಷ್ಟು ಸಾಕು. ತಪ್ಪಿದ ಲ್ಯಾಬನ್ನು ಶನಿವಾರ ಮಾಡಿಸುತ್ತೇನೆ. ಕರೆಂಟ್ ಇಲ್ಲದ ವಾರದಲ್ಲಿ ಆನ್‌ಲೈನ್ ವಿಡಿಯೊ ನೋಡಿ ಅಂತ ನಾನು ಹೇಳುವುದಿಲ್ಲ. ಪುಸ್ತಕ ಸಾಕು.

ನೀಟ್, ಸಿಇಟಿಗೆ ಬೇರೆ ಓದಬೇಕಾ?

ಪುಸ್ತಕ ಅದೇ, ಓದುವ ರೀತಿ ಬೇರೆ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ 90 ಪ್ರಶ್ನೆ ಜೀವಶಾಸ್ತ್ರದ್ದು, ಅಂದರೆ ಅರ್ಧ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಜೀವಶಾಸ್ತ್ರಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಎರಡರಲ್ಲೂ ಪ್ರಥಮ ಪಿಯುಸಿಯ ಪಾಠಗಳೂ ಬರುತ್ತವೆ ಎಂಬುದನ್ನು ಮಕ್ಕಳು ಜನವರಿಯಲ್ಲಿ ನೆನಪು ಮಾಡಿಕೊಂಡು ಗಾಬರಿಯಾಗುತ್ತಾರೆ. ಹಳೆ ಪುಸ್ತಕ ಯಾರಿಗೂ ಕೊಟ್ಟುಬಿಡಬೇಡಿ.

ಟ್ಯೂಷನ್ ಬೇಕೇ ಬೇಕಾ?

ನನ್ನ ಅಭಿಪ್ರಾಯದಲ್ಲಿ ಜೀವಶಾಸ್ತ್ರಕ್ಕೆ ಬೇಡ. ಬಸ್ಸಿನಲ್ಲಿ ದಿನಾ ಎರಡು ಮೂರು ಗಂಟೆ ಕಳೆಯುವ ಮಕ್ಕಳಿಗಂತೂ ಆ ಸಮಯದಲ್ಲಿ ನಿದ್ದೆ ಮಾಡುವುದು ಒಳ್ಳೆಯದು.

ಮಗ ಡಾಕ್ಟರ್ ಆಗಲ್ಲ ಅಂತಾನೆ. ಹಾಗಾದರೆ ಬಯಾಲಜಿ ಯಾಕೆ?

ಅಪ್ಪ-ಅಮ್ಮಂದಿರ ಈ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹೇಳಬೇಕು ಅನಿಸುತ್ತದೆ. ವೈದ್ಯಕೀಯ ಸೀಟು ಕೆಲವರಿಗೆ ಸಿಗುತ್ತದೆ. ಉಳಿದವರ ಓದು ದಂಡ ಅಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ ಇವಕ್ಕೆಲ್ಲ ಸಿಇಟಿ ಮೂಲಕ ಹೋಗಬಹುದು. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ದಾಖಲೆಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ತೋಟಕ್ಕೇ ವಾಪಸ್ ಬರುವ ಹುಡುಗನಿಗೂ ಇದು ಬೇಕು. ಅಡಿಕೆಯ ಕೊಳೆರೋಗ ಯಾಕೆ ಮಳೆ ಬಿಡದೆ ಹಿಡಿದಾಗಲೇ ಜೋರಾಗುತ್ತದೆ, ಮೈಲುತುತ್ತ-ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ರೋಗ ಬರುವ ಮೊದಲೇ ಯಾಕೆ ಹೊಡೆಯಬೇಕು ಅಂತ ಅವನಿಗೆ ಗೊತ್ತಿದ್ದರೆ ಮನೆಗೇ ಲಾಭ.

ರಿಸಲ್ಟ್ ಬಂತು. ಅಂಕ ತೀರಾ ಕಡಿಮೆ. ಈಗ?

ಮೊದಲು ಮಗುವಿಗೆ ಊಟ ಹಾಕಿ, ಮಾತು ಆಮೇಲೆ. ಈಗ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆಗಳಿವೆ. ಮುಂದಿನದನ್ನೂ ಬರೆದರೆ ಯಾವುದರಲ್ಲಿ ಜಾಸ್ತಿ ಬಂತೋ ಅದೇ ಅಂಕ ಉಳಿಯುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು.

ತಿದ್ದಿದ್ದರಲ್ಲೇ ತಪ್ಪಾಗಿದೆ ಅನಿಸಿದರೆ ಉತ್ತರಪತ್ರಿಕೆಯ ಪ್ರತಿ ತರಿಸಿಕೊಳ್ಳಿ. ಅದನ್ನು ನನ್ನ ಹತ್ತಿರ ತನ್ನಿ. ಪರೀಕ್ಷಾ ಮಂಡಳಿಯ ಮಾದರಿ ಉತ್ತರ ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಕೂತು ನೋಡೋಣ. ಅಂಕ ಬರುವಂತಿದ್ದರೆ ಮರುಮೌಲ್ಯಮಾಪನಕ್ಕೆ ಹಾಕಿ ಅಂತ ಹೇಳುತ್ತೇನೆ, ಇಲ್ಲದಿದ್ದರೆ ದುಡ್ಡು ಹಾಳು ಮಾಡಬೇಡಿ ಅಂತಲೂ ಹೇಳುತ್ತೇನೆ. ಪ್ರತಿ ತರಿಸಲು, ಅರ್ಜಿ ಹಾಕಲು ಕೊಡುವ ದಿನಗಳು ಕಡಿಮೆ. ರಿಸಲ್ಟ್ ದಿನವೇ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ.

ಮೊದಲ ದಿನ ಏನೇನು ತರಬೇಕು?

ಪುಸ್ತಕ, ಉದ್ದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಪದ ಬರೆಯಲು ಆ ಸಣ್ಣ ಪುಸ್ತಕ. ಜೊತೆಗೆ ನಿಮ್ಮ ಮನೆಯ ಹತ್ತಿರ ಸಿಕ್ಕ ಯಾವುದಾದರೂ ಒಂದು ಹೂ, ತೊಟ್ಟಿನ ಸಮೇತ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತನ್ನಿ. ಔಷಧಿ ಹೊಡೆದ ತೋಟದ್ದು ಬೇಡ. ಹೆಸರು ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿಕೊಂಡು ಬನ್ನಿ.